ಬೀದಿಗೆ ಬೆನ್ನು

‘ಇವತ್ತು ಯಾರ ಸರದಿ?’

ಆ ಮನೆಯಲ್ಲಿ ಬೆಳಗಾದರೆ ಮೊದಲು ಕೇಳಿಬರುತ್ತಿದ್ದ ಮಾತು ಇದು. ನೀರು ಹಿಡಿಯುವ ಸರದಿಯಲ್ಲ, ಪಾತ್ರೆ ತೊಳೆಯುವ ಸರದಿಯೂ ಅಲ್ಲ. ಸೊಸೆಯ ಜೊತೆ ಅಂಗಡಿಯವರೆಗೆ ನಡೆದು, ಅವಳು ಶಟರ್ ಎತ್ತುವ ತನಕ ಅವಳ ಬೆನ್ನ ಹಿಂದೆ ನಿಂತು ಬರುವ ಸರದಿ.

‘ನಂದು ನಿನ್ನೆ ಆಯ್ತು,’ ಎಂದಳು ಸೊಸೆಯ ಮಗಳು, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ. ಕೂದಲು ಕತ್ತರಿಸುವ ಕೆಲಸ ಕಲಿಯಲು ಅವಳು ಸಲೂನೊಂದಕ್ಕೆ ಸೇರಿದ್ದಳು. ‘ಇವತ್ತೂ ಬಸ್ ತಪ್ಪಿ ಲೇಟಾದ್ರೆ ಮತ್ತೆ ನೆಲ ಗುಡಿಸೋಕೆ ಹಾಕ್ತಾರೆ. ನಾನು ಕತ್ತರಿ ಹಿಡಿದಿದ್ದಕ್ಕಿಂತ ಪೊರಕೆ ಹಿಡಿದಿದ್ದೇ ಜಾಸ್ತಿ.’

‘ನಿಮ್ಮಪ್ಪ ಎಲ್ಲಿ?’ ಎಂದರು ಅತ್ತೆ.

‘ಆಗ್ಲೇ ವ್ಯಾನ್ ತಗೊಂಡು ಹೋದ್ರು. ಮೊನ್ನೆ ಅಮ್ಮನ್ನ ಬಿಟ್ಟು ಹೋಗೋ ಅಷ್ಟರಲ್ಲಿ ಆಸ್ಪತ್ರೆಗೆ ಹಾಲು ತಡ ಆಯ್ತಂತೆ. ಡೇರಿಯವ್ರು ಸರಿಯಾಗಿ ಉಗಿದು ಕಳಿಸಿದ್ದಾರೆ.’

‘ಹಾಗಾದ್ರೆ ನಾನೇ ಗತಿ,’ ಎಂದು ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ‘ನನ್ನ ಮಂಡಿಗೆ ಉಗಿಯೋಕೆ ಯಾವ ಡೇರಿಯವನೂ ಇಲ್ಲ.’

ಸೊಸೆ ಒಲೆಯ ಮುಂದೆ ನಿಂತು ಮೊಟ್ಟೆ ತಿರುವುತ್ತಿದ್ದಳು. ಇದೆಲ್ಲ ತನ್ನ ಎದುರಿಗೇ ನಡೆಯುತ್ತಿದ್ದರೂ ತಾನಿಲ್ಲದ ಕಡೆ ನಡೆದಂತೆ ಸುಮ್ಮನಿರುವುದನ್ನು ಅವಳು ಕಲಿತುಬಿಟ್ಟಿದ್ದಳು. ಮೊದಲು ಹೀಗಿರಲಿಲ್ಲ. ಮೊದಲು ಈ ಮನೆಯಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವಳದೇ ಆಗಿತ್ತು.

ಅಂಗಡಿ ಮನೆಯಿಂದ ಎರಡು ಬೀದಿ ಆಚೆ, ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಶುರು ಮಾಡಿದವರು ಅತ್ತೆ. ಇದ್ದಿಲ ಇಸ್ತ್ರಿಪೆಟ್ಟಿಗೆಯ ಕಾಲದಿಂದ ನಡೆಸಿ, ಮಂಡಿ ಕೈಕೊಟ್ಟ ಮೇಲೆ ಬೀಗದ ಕೈ ಸೊಸೆಗೆ ಕೊಟ್ಟಿದ್ದರು. ಹೋಟೆಲಿನವರ ಹಾಸಿಗೆ ಬಟ್ಟೆಯ ಮೂಟೆ ನಸುಕಿನಲ್ಲೇ ಬರುತ್ತಿದ್ದರಿಂದ ಬೀದಿ ಏಳುವ ಮೊದಲೇ ಅಂಗಡಿ ತೆಗೆಯಬೇಕಿತ್ತು. ಅತ್ತೆ ಅಂಗಡಿ ತೆಗೆಯುತ್ತಿದ್ದ ರೀತಿಯಂತೂ ಬೀದಿಯಲ್ಲಿ ಹೆಸರುವಾಸಿ. ಗಂಡ ತೀರಿಕೊಂಡು ವರ್ಷಗಳು ಕಳೆದಿದ್ದರೂ ಮುಚ್ಚಿದ ಶಟರಿಗೆ ಮುಖ ಮಾಡಿ, ‘ಏನ್ರೀ, ಎದ್ರಾ?’ ಎಂದು ಗಟ್ಟಿಯಾಗಿ ಕೂಗಿಯೇ ಅವರು ಬೀಗಕ್ಕೆ ಕೈ ಹಾಕುತ್ತಿದ್ದದ್ದು. ಎಂಥ ಪ್ರೀತಿ ನೋಡಿ ಎಂದು ಅಕ್ಕಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಶಟರಿನ ಬೀಗಗಳು ಎರಡೂ ನೆಲದ ಮಟ್ಟದಲ್ಲಿ. ಬೀದಿಗೆ ಬೆನ್ನು ಹಾಕಿ ಪೂರ್ತಿ ಬಗ್ಗದೆ ಅವು ಸಿಗುವುದಿಲ್ಲ. ಚಳಿ ಶುರುವಾದ ದಿನಗಳಲ್ಲಿ ಒಂದು ಬೆಳಿಗ್ಗೆ ಸೊಸೆ ಹಾಗೆ ಬಗ್ಗಿದ್ದಾಗ ಯಾರೋ ಹಿಂದಿನಿಂದ ನೂಕಿದರು. ಮುಖ ನೇರವಾಗಿ ತಗಡಿಗೆ ಬಡಿಯಿತು, ಮುಂದಿನ ಹಲ್ಲಿನ ತುದಿ ಮುರಿಯಿತು. ಎದ್ದು ನೋಡುವಷ್ಟರಲ್ಲಿ ಕೈಚೀಲ ಇರಲಿಲ್ಲ, ಬೀದಿಯಲ್ಲಿ ಯಾರೂ ಇರಲಿಲ್ಲ. ಚೀಲದಲ್ಲಿದ್ದದ್ದು ಬುತ್ತಿ ಡಬ್ಬಿ ಮತ್ತು ಹಳೆಯ ಕನ್ನಡಕ. ಕಳ್ಳನಿಗೆ ಆ ದಿನ ಹುರಿದ ಆಲೂಗಡ್ಡೆ ಸಿಕ್ಕಿತು. ಸೊಸೆಗೆ ಮಾತ್ರ ಅಂದಿನಿಂದ, ಹಿಂದೆ ಮನೆಯವರು ಯಾರಾದರೂ ನಿಲ್ಲದೆ, ಬೀದಿಗೆ ಬೆನ್ನು ಹಾಕಿ ಬಗ್ಗಲು ಆಗಲೇ ಇಲ್ಲ. ಕೈ ಬೀಗದ ಹತ್ತಿರ ಹೋದರೆ ತಾನಾಗಿ ತಿರುಗಿ ನಿಂತುಬಿಡುತ್ತಿದ್ದಳು.

ಒಂದು ಸಂಜೆ ಊಟಕ್ಕೆ ಕುಳಿತಾಗ ಅತ್ತೆ ಮಾತು ತೆಗೆದರು.

‘ಫೋನ್ ರಿಪೇರಿಯವನು ಮತ್ತೆ ಬಂದಿದ್ದ. ಅಂಗಡಿ ಜಾಗ ಬಾಡಿಗೆಗೆ ಕೊಡ್ತೀರಾ ಅಂತ ಕೇಳ್ದ. ಬರೋ ತಿಂಗಳ ಕೊನೇಲಿ ಬಾ, ಹೇಳ್ತೀವಿ ಅಂದೆ.’

‘ಅಂದ್ರೆ ಕೊಡೋದು ಅಂತಾನೇ ತೀರ್ಮಾನ ಆಯ್ತಾ?’ ಎಂದಳು ಸೊಸೆ.

‘ಮತ್ತಿನ್ನೇನು ಮಾಡೋದು ಹೇಳು? ಎಷ್ಟು ದಿನ ಅಂತ ಮೂರು ಜನ ನಿನ್ನ ಹಿಂದೆ ಮೆರವಣಿಗೆ ಬರೋದು?’

‘ಅಮ್ಮ, ಹಾಗೆಲ್ಲ ಅನ್ಬೇಡ,’ ಎಂದ ಗಂಡ. ಆಮೇಲೆ ಹೆಂಡತಿಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾ, ‘ಮನೇಲಿ ಆರಾಮಾಗಿರು. ನಿಂಗೂ ರೆಸ್ಟ್ ಸಿಗುತ್ತೆ,’ ಎಂದ.

ಸೊಸೆ ಅನ್ನ ಕಲಸಿ ಹಾಗೇ ಬಿಟ್ಟಳು. ಅಂಗಡಿ ಹೋದರೆ ಈ ಮನೆಯಲ್ಲಿ ತಾನು ಹೆದರಿಕೊಂಡವಳಾಗಿ ಮಾತ್ರ ಉಳಿಯುತ್ತೇನೆ ಎಂದು ಅವಳಿಗೆ ಅನ್ನಿಸಿತು.

ಅದಾದ ಕೆಲವು ದಿನಗಳಿಗೆ ಅವಳು ಒಂದು ಬಿಳಿ ಅಂಗಿಯನ್ನು ಸುಟ್ಟಳು.

ಅದು ಸಾಮಾನ್ಯ ಅಂಗಿಯಲ್ಲ, ಜೂಡೋ ಆಡುವವರ ದಪ್ಪ ಅಂಗಿ. ಶಾಲೆಯ ಹಳೇ ಉಗ್ರಾಣದಲ್ಲಿ ಸಂಜೆ ಹೊತ್ತು ಜೂಡೋ ಕಲಿಸುತ್ತಿದ್ದ ಹೆಂಗಸೊಬ್ಬಳು ಶಿಷ್ಯರ ಅಂಗಿಗಳನ್ನೆಲ್ಲ ಇವರಲ್ಲೇ ಒಗೆಯಲು ಕೊಡುತ್ತಿದ್ದಳು. ಹಗಲು ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುವವಳು, ಎಲ್ಲರ ಬಾಯಲ್ಲೂ ಡಿಪೋ ಅಕ್ಕ. ಆ ಅಂಗಿಗಳು ಯಾವಾಗಲೂ ಕಾಲರಿನಲ್ಲೇ ಹರಿಯುತ್ತವೆ ಎಂದು ಸೊಸೆಗೆ ಗೊತ್ತಿತ್ತು, ಹೇಳಿಸಿಕೊಳ್ಳದೆಯೇ ಹೊಲಿದು ಕೊಡುತ್ತಿದ್ದಳು. ಆವತ್ತು ಒಂದು ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಇಟ್ಟಿದ್ದಳು, ಅಷ್ಟರಲ್ಲಿ ಹಿಂಬದಿಯ ಬಾಗಿಲು ಕಿರ್ರ್ ಎಂದಿತು. ಗಾಳಿಗೆ ಇರಬೇಕು. ಇವಳು ಗಕ್ಕನೆ ತಿರುಗಿ ಗೋಡೆಗೆ ಬೆನ್ನು ಒತ್ತಿ ನಿಂತಳು. ಎದೆಬಡಿತ ಇಳಿದು ಇಸ್ತ್ರಿಯ ನೆನಪಾಗುವ ಹೊತ್ತಿಗೆ ಅಂಗಿಯ ಮೇಲೆ ಅದರದೇ ಆಕಾರದ ಕಂದು ಗುರುತು ಬಿದ್ದಾಗಿತ್ತು.

ಅತ್ತೆಯ ಕಾಲದಿಂದಲೂ ಆ ಅಂಗಡಿಯಲ್ಲಿ ಬಟ್ಟೆ ಸುಟ್ಟದ್ದಿಲ್ಲ. ಡಿಪೋ ಅಕ್ಕ ಬಂದಾಗ ಸೊಸೆ ಅಂಗಿಯನ್ನು ಬಿಡಿಸಿ ತೋರಿಸಿ, ‘ನನ್ನ ತಪ್ಪು. ಹೊಸದು ತರಿಸಿಕೊಡ್ತೀನಿ,’ ಎಂದಳು.

‘ಹೇಗೆ ಸುಟ್ಟಿತು? ನಿಮ್ಮ ಕೈಯಲ್ಲಿ ಇಂಥದ್ದೆಲ್ಲ ಆಗಲ್ವಲ್ಲ.’

ಸೊಸೆ ಹೇಳಿದಳು. ಬಾಗಿಲಿನ ವಿಷಯ ಹೇಳಹೊರಟು ಶಟರಿನ ವಿಷಯ, ಹಲ್ಲಿನ ವಿಷಯ, ಸರದಿಯ ವಿಷಯ, ಫೋನ್ ರಿಪೇರಿಯವನ ವಿಷಯ ಎಲ್ಲ ಹೇಳಿಬಿಟ್ಟಳು. ಡಿಪೋ ಅಕ್ಕ ಅಂಗಿಯನ್ನು ಅವಳ ಭುಜಕ್ಕೆ ಹಿಡಿದು ಅಳತೆ ನೋಡಿದಳು.

‘ಇದನ್ನ ಇನ್ನು ಯಾರೂ ಹಾಕ್ಕೊಳ್ಳಲ್ಲ. ನೀವೇ ಹಾಕ್ಕೊಂಡು ನಾಳೆ ಸಂಜೆ ಬನ್ನಿ.’

‘ನಾನಾ? ಹೊಡೆದಾಟಕ್ಕಾ? ಈ ವಯಸ್ಸಲ್ಲಿ?’

‘ಹೊಡೆದಾಟ ಆಮೇಲೆ. ಮೊದಲು ಬೀಳೋದು ಕಲಿಸ್ತೀನಿ. ಆವತ್ತು ಹಲ್ಲು ಮುರಿದಿದ್ದು ನೂಕಿದ್ದಕ್ಕಲ್ಲ, ಬೀಳೋಕೆ ಬರದೇ ಇದ್ದಿದ್ದಕ್ಕೆ.’

ಮನೆಯಲ್ಲಿ ಈ ಸುದ್ದಿಗೆ ಸಿಕ್ಕ ಸ್ವಾಗತ ಹೇಳತೀರದು.

‘ಬೀಳೋದು ಕಲಿಯೋಕೆ ಕ್ಲಾಸಾ?’ ಎಂದರು ಅತ್ತೆ. ‘ನಮ್ಮ ಬಚ್ಚಲುಮನೆಗೆ ಹೋದ್ರೆ ಸಾಕಲ್ಲ.’

‘ಅಜ್ಜಿ, ಸುಮ್ನಿರಿ. ಅಮ್ಮ, ನೀನು ಹೋಗು,’ ಎಂದಳು ಮಗಳು. ‘ನಾನೇ ಕರ್ಕೊಂಡು ಹೋಗ್ತೀನಿ.’

‘ಏಟಾದ್ರೆ?’ ಎಂದ ಗಂಡ. ಅವನ ಮುಖ ಸಪ್ಪಗಾಗಿತ್ತು. ಆ ಬೆಳಿಗ್ಗೆ ರಕ್ತ ಸುರಿಯುತ್ತಿದ್ದ ಬಾಯಿಗೆ ಟವೆಲ್ ಒತ್ತಿ ಹಿಡಿದವನು ಅವನೇ.

ಮೊದಲ ವಾರವೆಲ್ಲ ಸೊಸೆ ಚಾಪೆಯ ಮೇಲೆ ಬಿದ್ದದ್ದೇ ಬಿದ್ದದ್ದು. ಕುಕ್ಕರುಗಾಲಲ್ಲಿ ಕುಳಿತು ಹಿಂದಕ್ಕೆ, ಪಕ್ಕಕ್ಕೆ, ಗದ್ದವನ್ನು ಎದೆಗೆ ಒತ್ತಿ, ಅಂಗೈಯಿಂದ ಚಾಪೆಗೆ ಪಟಾರನೆ ಬಡಿದು. ಆಮೇಲೆ ಡಿಪೋ ಅಕ್ಕ ಅವಳಿಗೊಂದು ಜೊತೆ ಕೊಟ್ಟಳು. ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಬೆರಳುಗಳಲ್ಲಿ ಯಾವಾಗಲೂ ಒಂದಲ್ಲ ಒಂದು ಪಟ್ಟಿ ಇರುತ್ತಿದ್ದುದರಿಂದ ಎಲ್ಲರಿಗೂ ಬ್ಯಾಂಡೇಜು. ಬ್ಯಾಂಡೇಜಿನ ಕಾಲರ್ ಹಿಡಿದು, ಸೊಂಟ ತಿರುಗಿಸಿ, ಎತ್ತಿ ಹಾಕುವುದು. ಎರಡನೇ ದಿನಕ್ಕೇ ಹುಡುಗಿ ಧೊಪ್ಪನೆ ಬಿದ್ದಳು. ಮೂರನೇ ದಿನ ಇನ್ನೂ ಚೆನ್ನಾಗಿ ಬಿದ್ದಳು. ಇವಳನ್ನು ಬೀಳಿಸಲು ಮಾತ್ರ ಬ್ಯಾಂಡೇಜಿಗೆ ಒಂದು ದಿನವೂ ಸಾಧ್ಯವಾಗಲಿಲ್ಲ. ‘ಅಕ್ಕ, ನೀವು ಬಂಡೆ ಥರ ನಿಲ್ತೀರಪ್ಪ,’ ಎನ್ನುತ್ತಿದ್ದಳು.

ಮನೆಯಲ್ಲಿ ಸೊಸೆಯ ಹಳೆಯ ಬಾಯಿ ವಾಪಸು ಬಂತು. ಬೇಳೆ ಕುದಿಯುವ ಹೊತ್ತಿನಲ್ಲಿ ಸೌಟು ಹಿಡಿದುಕೊಂಡೇ ಸೊಂಟ ತಿರುಗಿಸಿ ತೋರಿಸುವಳು. ಗಂಡ ಏನೋ ಗುಟ್ಟು ಬಚ್ಚಿಟ್ಟುಕೊಂಡವನ ಹಾಗೆ ನಗುತ್ತಿದ್ದ. ಒಂದು ದಿನ ಮಗಳನ್ನು ಅಡುಗೆಮನೆಯ ಮಧ್ಯೆ ನಿಲ್ಲಿಸಿ, ‘ಬಾ, ನಿನ್ನ ಎತ್ತಿ ಹಾಕ್ತೀನಿ. ಹೆದರ್ಬೇಡ, ಮೆತ್ತಗೆ ಹಾಕ್ತೀನಿ,’ ಎಂದು ಅವಳ ಕಾಲರಿಗೆ ಕೈ ಹಾಕಿದಳು.

ಮಗಳು ಅಲ್ಲಾಡಲಿಲ್ಲ. ಸೊಸೆ ಮತ್ತೆ ಎಳೆದಳು, ಉಸಿರು ಕಟ್ಟಿ ಎಳೆದಳು. ಮಗಳು ಪಾಪ, ಬಿಸ್ಕತ್ತು ತಿನ್ನುತ್ತಾ ನಿಂತಲ್ಲೇ ನಿಂತಿದ್ದಳು.

‘ಅಮ್ಮ, ಶುರು ಮಾಡಿದ್ಯಾ?’

ಅತ್ತೆ ನಕ್ಕ ನಗುವಿಗೆ ಅವರ ಕಣ್ಣಲ್ಲಿ ನೀರು ಬಂತು. ಗಂಡ ಮಾತ್ರ ನಗಲಿಲ್ಲ. ವ್ಯಾನಿಗೆ ಗಾಳಿ ನೋಡಬೇಕು ಎಂದು ಎದ್ದು ಹೊರಗೆ ಹೋದ.

ಮಾರನೆಯ ದಿನ ಅಂಗಡಿಯಲ್ಲಿ ಅತ್ತೆ ಸೊಸೆ ಹೋಟೆಲಿನ ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಅದು ಇಬ್ಬರು ಮಾಡುವ ಕೆಲಸ. ಎರಡು ತುದಿ ಹಿಡಿದು, ಬಿಗಿಯಾಗಿ ಎಳೆದು ಕೊಡವಿ, ಮಡಿಸಿ, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಅತ್ತೆಗೆ ಆ ದಿನ ಮಂಡಿನೋವು, ಕೈ ಸಡಿಲಾಗಿತ್ತು.

‘ಅತ್ತೆ, ಎಳೀರಿ ಸರಿಯಾಗಿ. ಸುಮ್ನೆ ಹಿಡ್ಕೊಂಡಿದ್ದೀರಿ.’

‘ಎಳೀತಾನೇ ಇದ್ದೀನಲ್ಲೇ.’

‘ಇಲ್ಲ. ನನ್ನ ಕೈಗೆ ಗೊತ್ತಾಗಲ್ವಾ? ಆ ಕಡೆ ಎಳೀತಿದ್ದಾರಾ ಇಲ್ವಾ ಅಂತ ಈ ತುದಿಗೆ...’

ಅವಳ ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಬಟ್ಟೆಯ ತುದಿಯನ್ನು ನೋಡಿದಳು. ಇಷ್ಟು ದಿನ ಬ್ಯಾಂಡೇಜಿನ ಕಾಲರ್ ಕೈಗೆ ಹೀಗೇ ಸಿಕ್ಕಿತ್ತು, ಸಡಿಲವಾಗಿ, ಆ ಕಡೆ ಯಾರೂ ಹಿಡಿದಿಲ್ಲದ ಹಾಗೆ.

ಆ ಸಂಜೆ ಉಗ್ರಾಣದಲ್ಲಿ ಸೊಸೆ ಎಂದಿನಂತೆ ಬ್ಯಾಂಡೇಜಿನ ಕಾಲರ್ ಹಿಡಿದಳು, ಸೊಂಟ ತಿರುಗಿಸಿದಳು, ಆಮೇಲೆ ಎಳೆಯುವ ಬದಲು ಎರಡೂ ಕೈ ಬಿಟ್ಟುಬಿಟ್ಟಳು. ಬ್ಯಾಂಡೇಜು ತನ್ನ ಪಾಡಿಗೆ ತಾನು ಗಾಳಿಯಲ್ಲಿ ಒಂದು ಸುತ್ತು ಹಾಕಿ ಧೊಪ್ಪನೆ ಬಿದ್ದಳು. ಬಿದ್ದಲ್ಲಿಂದ ಮೇಲೆ ನೋಡಿದರೆ ಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇಡೀ ಉಗ್ರಾಣ ಗೊಳ್ಳೆಂದು ನಕ್ಕಿತು.

‘ಯಾರು ಹೇಳಿಕೊಟ್ಟಿದ್ದು?’ ಎಂದಳು ಸೊಸೆ.

‘ಅಕ್ಕ, ಬೈಬೇಡಿ. ಅಣ್ಣ... ಹಾಲಿನ ಅಣ್ಣ ಅಂಗಡಿಗೆ ಬಂದಿದ್ರು. ಅವಳನ್ನ ಬೀಳಿಸ್ಬೇಡಮ್ಮ, ನೀನೇ ಬಿದ್ದುಬಿಡು, ಧೈರ್ಯ ಬರುತ್ತೆ ಅವಳಿಗೆ ಅಂದ್ರು. ಅವ್ರು ಕೈಮುಗಿದ್ರು ಅಕ್ಕ, ನಾನೇನ್ ಮಾಡ್ಲಿ?’

ಡಿಪೋ ಅಕ್ಕನಿಗೆ ನಗು ಬರಲಿಲ್ಲ. ಚಿಕ್ಕ ಮಕ್ಕಳ ಗುಂಪನ್ನೇ ನೋಡಿಕೊಳ್ಳುತ್ತಾ ಈ ಮೂಲೆಯ ಕಡೆ ಗಮನ ಕೊಡದೆ ಹೋದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು. ‘ನಾಳೆಯಿಂದ ನನ್ನ ಜೊತೆ,’ ಎಂದಳು ಅಷ್ಟೇ.

ಮನೆಯಲ್ಲಿ ಅವತ್ತಿನ ಊಟ ಯಾರಿಗೂ ರುಚಿಸಲಿಲ್ಲ.

‘ನೀವು ಹೋಗಿ ಕೈಮುಗಿದ್ರಾ? ಆ ಹುಡುಗಿಗೆ?’

‘ನಿನ್ನ ಒಳ್ಳೇದಕ್ಕೇ...’

‘ಯಾವ ಒಳ್ಳೇದು? ನಾನು ಇಷ್ಟು ದಿನ ಇಲ್ಲಿ ಸೌಟು ಹಿಡ್ಕೊಂಡು ಕುಣಿದೆ. ನೀವು ನೋಡಿ ನಕ್ರಿ. ನಾಳೆ ಬೀದೀಲಿ ಮತ್ತೆ ಯಾರಾದ್ರೂ ನೂಕಿದ್ರೆ ಅವ್ರಿಗೂ ಕೈಮುಗಿದು ಹೇಳಿ ಬರ್ತೀರಾ, ಮೆತ್ತಗೆ ನೂಕಿ ಅಂತ?’

‘ನೀನು ಬೀಳೋದನ್ನ ಇನ್ನೊಂದ್ಸಲ ನೋಡೋಕೆ ನನ್ನಿಂದಾಗಲ್ಲ ಕಣೇ!’ ಗಂಡನ ದನಿ ಏರಿತ್ತು. ಅವನು ದನಿ ಏರಿಸುವುದೇ ಅಪರೂಪ. ‘ಆ ರಕ್ತ ನೋಡಿದ್ದು ನಾನು.’

‘ಬಿದ್ದಿದ್ದು ನಾನು,’ ಎಂದಳು ಸೊಸೆ.

ಮಗಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕುಳಿತಳು. ಆಗ ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು.

‘ನಾನು ಶಟರ್ ತೆಗೆಯೋವಾಗ ಕೂಗ್ತಿದ್ದೆನಲ್ಲ, ಅದು ಯಾಕೆ ಅಂತ ಗೊತ್ತಾ ನಿಮಗೆ?’

‘ಗೊತ್ತಲ್ಲ ಅಜ್ಜಿ. ತಾತನ ಮೇಲಿನ ಪ್ರೀತಿಗೆ,’ ಎಂದಳು ಮಗಳು.

‘ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಹೆದರಿಕೆ! ಒಳಗಡೆ ಗಂಡಸು ಮಲಗಿದ್ದಾನೆ ಅಂತ ಹೋಗೋ ಬರೋರು ತಿಳ್ಕೊಳ್ಳಲಿ ಅಂತ. ನಿಮ್ಮ ತಾತ ಬದುಕಿದ್ದಾಗ ಒಂದಿನಾನೂ ಆ ಅಂಗಡಿ ಬಾಗಿಲು ತೆಗೆದೋರಲ್ಲ. ಸತ್ತ ಮೇಲೆ ನಂಗೆ ಕೆಲಸಕ್ಕೆ ಬಂದ್ರು.’ ಅತ್ತೆ ಶಾಲಿನ ತುದಿಯಿಂದ ಬಾಯಿ ಒರೆಸಿಕೊಂಡರು. ‘ಅಷ್ಟು ವರ್ಷ ಕೂಗಿದೆ. ಒಳಗಿಂದ ಯಾರೂ ಓ ಅನ್ನಲ್ಲ ಅಂತ ಗೊತ್ತಿದ್ದೂ ದಿನಾ ಕೂಗಿದೆ. ಹೆದರಿಕೆ ಇಟ್ಕೊಂಡೇ ಮುದುಕಿ ಆದೆ. ಇವಳು ಹಾಗಾಗೋದು ಬೇಡ. ಮಗನೇ, ಇವಳು ಬೀಳಲಿ ಬಿಡು. ಚೆನ್ನಾಗಿ ಬೀಳಲಿ.’

ಸೊಸೆ ಅತ್ತೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಗಂಡ ಎದ್ದು ಎಲ್ಲರ ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಕ್ಷಮೆ ಕೇಳುವುದಕ್ಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಡಿಪೋ ಅಕ್ಕನ ಕೈ ಬಸ್ಸಿನ ಚಕ್ರ ಬಿಚ್ಚುವ ಕೈ. ಅವಳು ಹಿಡಿದರೆ ಸುಮ್ಮನೆ ಹಿಡಿಯುವುದಿಲ್ಲ. ಮೊದಲ ದಿನವೇ ಸೊಸೆಯ ಕಾಲು ಮೇಲೆ, ತಲೆ ಕೆಳಗೆ ಆಯಿತು. ಚಾಪೆಗೆ ಬಿದ್ದ ಸದ್ದು ಆಚೆ ರಸ್ತೆಗೆ ಕೇಳಿಸಿರಬೇಕು. ಸೊಸೆ ಎದ್ದು ಗೋಡೆಯ ಹತ್ತಿರ ಹೋಗಿ ಕುಳಿತು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ವಾಪಸು ಬಂದಳು. ಮತ್ತೆ ಬಿದ್ದಳು.

ಮನೆಗೆ ಬಂದರೆ ಭುಜ, ತೊಡೆ, ಮೊಣಕೈ ಎಲ್ಲ ನೀಲಿ. ಅತ್ತೆ ಬಿಸಿನೀರಿನ ಬಟ್ಟೆ ಒತ್ತುತ್ತಾ, ‘ಇದು ಕೆಳಗೆ ಕೈ ಬಡಿಯೋದು ಮರೆತಿದ್ದಕ್ಕೆ ಆಗಿದ್ದಾ?’ ಎಂದು ವಿಚಾರಿಸುವಷ್ಟು ತಿಳಿದುಕೊಂಡುಬಿಟ್ಟರು. ಗಂಡ ಮೊದಮೊದಲು ಆ ಹೊತ್ತಿಗೆ ಹೊರಗೆ ಹೋಗುತ್ತಿದ್ದ. ಆಮೇಲಾಮೇಲೆ ನೀರು ಬಿಸಿ ಮಾಡಿ ತಂದು ಕೊಡುತ್ತಿದ್ದ. ಒಂದು ಸಂಜೆ ಡಿಪೋ ಅಕ್ಕನನ್ನು ಎತ್ತಿ ಹಾಕಿ ಬಂದೆ ಎಂದು ಸೊಸೆ ಬಾಗಿಲಲ್ಲೇ ಕೂಗಿದಾಗ ಮಗಳು, ‘ಕೈ ಬಿಟ್ಟು ನೋಡಿದ್ಯಾ?’ ಎಂದು ಕೇಳಿ ಬೈಸಿಕೊಂಡಳು.

ಎತ್ತಿ ಹಾಕುವುದು ಬಂತು, ಬೀಳುವುದೂ ಬಂತು. ಬಗ್ಗುವುದು ಬರಲಿಲ್ಲ. ಡಿಪೋ ಅಕ್ಕ ಚಾಪೆಯ ಅಂಚಿನಲ್ಲಿ ಎರಡು ಬೀಗ ಇಟ್ಟು, ‘ಎಲ್ಲರಿಗೂ ಬೆನ್ನು ಹಾಕಿ ಬಗ್ಗಿ. ಇವುಗಳನ್ನ ತೆಗೀರಿ. ಯಾರು ನೂಕ್ತಾರೆ, ಯಾವಾಗ ನೂಕ್ತಾರೆ ಅಂತ ಹೇಳಲ್ಲ,’ ಎಂದಳು. ಸೊಸೆ ಬಗ್ಗಿದಳು. ಹಿಂದೆ ಯಾರೋ ಕೆಮ್ಮಿದರು. ಥಟ್ಟನೆ ಎದ್ದು ತಿರುಗಿದಳು. ಮತ್ತೆ ಬಗ್ಗಿದಳು, ಮತ್ತೆ ಎದ್ದಳು. ಇಡೀ ಸಂಜೆ ಯಾರಿಗೂ ಅವಳನ್ನು ನೂಕುವ ಸಂದರ್ಭವೇ ಬರಲಿಲ್ಲ.

‘ನೂಕಿಸಿಕೊಳ್ಳೋದಕ್ಕಿಂತ ಕಾಯೋದೇ ಕಷ್ಟ ಕಣಕ್ಕ,’ ಎಂದಳು ಸೊಸೆ, ಬೆವರು ಒರೆಸಿಕೊಳ್ಳುತ್ತಾ.

‘ಎದ್ದು ನೋಡಿ, ಪರವಾಗಿಲ್ಲ. ನೋಡಿ ಆದ್ಮೇಲೆ ಮತ್ತೆ ಬಗ್ಗಿ. ಬಗ್ಗದೆ ಮನೆಗೆ ಮಾತ್ರ ಹೋಗ್ಬೇಡಿ.’

ದಿನಗಳು ಕಳೆದಂತೆ ಎದ್ದು ನೋಡುವುದು ಕಡಿಮೆಯಾಯಿತು. ಒಂದು ಸಂಜೆ ಅವಳು ಮೊದಲ ಬೀಗ ತೆಗೆದು ಎರಡನೆಯದಕ್ಕೆ ಕೈ ಹಾಕಿದ್ದಾಗ ಬ್ಯಾಂಡೇಜು ಓಡಿಬಂದು ಎರಡೂ ಕೈಯಿಂದ ನೂಕಿದಳು. ಈ ಸಲ ನಿಜವಾಗಿ ನೂಕಿದಳು. ಸೊಸೆಯ ಕೈ ತಾನಾಗಿ ಕಮಾನಾಯಿತು, ಭುಜ ಚಾಪೆಗೆ ತಾಗಿತು, ದೇಹ ಉರುಳಿತು. ಕಣ್ಣು ಬಿಟ್ಟಾಗ ಅವಳು ನಿಂತಿದ್ದಳು, ಬ್ಯಾಂಡೇಜಿನ ಕಡೆಗೇ ಮುಖ ಮಾಡಿ. ಹಲ್ಲುಗಳೆಲ್ಲ ನೆಟ್ಟಗಿದ್ದವು.

ತಿಂಗಳ ಕೊನೆಯ ಭಾನುವಾರ, ನಾಳೆ ಫೋನ್ ರಿಪೇರಿಯವನು ಬರುತ್ತಾನೆ ಎನ್ನುವಾಗ, ಸೊಸೆ ಬೆಳಿಗ್ಗೆ ತಿಂಡಿಯಾದ ಮೇಲೆ ಮನೆಯವರನ್ನೆಲ್ಲ ಕರೆದು ಕುರ್ಚಿ ಮೇಜು ಬದಿಗೆ ಸರಿಸಿದಳು. ನೆಲಕ್ಕೆ ಹಾಸಿಗೆಗಳನ್ನು ಹಾಸಿದಳು. ಗೋಡೆಗೆ ಮುಖ ಮಾಡಿ ಬಗ್ಗಿ, ‘ರೀ, ನೂಕಿ,’ ಎಂದಳು.

ಗಂಡ ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟ. ಹಾಲು ಕಾದಿದೆಯಾ ಎಂದು ಪಾತ್ರೆ ಮುಟ್ಟಿ ನೋಡಿದ ಹಾಗಿತ್ತು.

‘ಇದು ನೂಕೋದಾ?’

‘ನನ್ನ ಕೈಲಾಗಲ್ಲ,’ ಎಂದು ಅವನು ಹಿಂದೆ ಸರಿದ. ಮಗಳು ಒಂದು ಹೆಜ್ಜೆ ಮುಂದೆ ಬಂದು, ಅವಳೂ ನಿಂತಳು. ಆಗ ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಶಾಲನ್ನು ತೆಗೆದು ಕುರ್ಚಿಯ ಮೇಲೆ ಹಾಕಿದರು. ಇಷ್ಟು ವರ್ಷದ ಲೆಕ್ಕವನ್ನೆಲ್ಲ ಸೇರಿಸಿಯೋ ಏನೋ, ಎರಡೂ ಕೈಯಿಂದ ಸೊಸೆಯನ್ನು ಗುದ್ದಿ ನೂಕಿದರು.

ಸೊಸೆ ಉರುಳಿ, ಅಡುಗೆಮನೆಯ ಬಾಗಿಲ ಹತ್ತಿರ ಎದ್ದು ನಿಂತಳು. ಶೆಲ್ಫಿನ ಮೇಲಿದ್ದ ಲೋಟವೊಂದು ಉರುಳಿ ಬಿದ್ದು ಠಣಠಣ ಎಂದಿತು. ಅವಳ ಕೂದಲು ಬಿಚ್ಚಿತ್ತು, ಮುಖ ಕೆಂಪಾಗಿತ್ತು, ತುದಿ ಮುರಿದ ಹಲ್ಲು ಕಾಣುವಂತೆ ನಗುತ್ತಿದ್ದಳು. ಗಂಡ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ. ಅವನಿಗೆ ಅಳು ಬಂದಿತ್ತು, ಹೆಮ್ಮೆಯೂ ಬಂದಿತ್ತು. ಎರಡನ್ನೂ ಬಚ್ಚಿಡಲು ಒಂದು ಕೈ ಸಾಲಲಿಲ್ಲ.

‘ಇನ್ನೊಂದ್ಸಲ,’ ಎಂದರು ಅತ್ತೆ.

‘ಸಾಕು ಅಜ್ಜಿ!’

‘ನೀನು ಸುಮ್ನಿರೇ. ನಂಗೆ ಇವತ್ತೇ ಮಂಡಿ ನೋವಿಲ್ಲ.’

ಇನ್ನೊಂದು ಸಲವೂ ಆಯಿತು. ಆಮೇಲೆ ಅತ್ತೆ ಏದುಸಿರು ಬಿಡುತ್ತಾ ಹೋಗಿ, ಹಿಂದಿನ ದಿನದ ಸರದಿಯವನಾಗಿದ್ದ ಮಗನ ಅಂಗಿಯ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಸೊಸೆಯ ಕೈಯಲ್ಲಿಟ್ಟರು. ‘ನಾಳೆ ಯಾರ ಸರದಿಯೂ ಇಲ್ಲ,’ ಎಂದರು.

ಮಾರನೆಯ ದಿನ ನಸುಕಿನಲ್ಲಿ ಸೊಸೆ ಒಬ್ಬಳೇ ಹೊರಟಳು. ಯಾರೂ ಹಿಂದೆ ಬರಕೂಡದು ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು. ಎಲ್ಲರೂ ಮಾತು ಕೊಟ್ಟಿದ್ದರು. ಹಾಗಾಗಿ ಅಂಗಡಿಯ ಎದುರಿನ ತಿರುವಿನಲ್ಲಿ, ದೀಪ ಆರಿಸಿ ನಿಲ್ಲಿಸಿದ್ದ ಹಾಲಿನ ವ್ಯಾನಿನ ಹಿಂದೆ ಮಗಳು ಬಗ್ಗಿಕೊಂಡು ಬಂದಾಗ ಅಲ್ಲಿ ಅಪ್ಪ ಇದ್ದ, ಅಪ್ಪನ ಪಕ್ಕ ಹಾಲಿನ ಕ್ರೇಟಿನ ಮೇಲೆ ಅಜ್ಜಿ ಕುಳಿತಿದ್ದರು.

‘ಅಜ್ಜಿ, ನೀವು ಮಾತು ಕೊಟ್ಟಿದ್ರಿ.’

‘ನೀನೂ ಕೊಟ್ಟಿದ್ದೆ. ತಲೆ ಬಗ್ಗಿಸು, ಕಾಣುತ್ತೆ.’

ಸೊಸೆ ಅಂಗಡಿಯ ಮುಂದೆ ನಿಂತಿದ್ದಳು. ಬೀದಿಯ ಆ ತುದಿ ಈ ತುದಿ ನೋಡಿದಳು. ಬೀದಿಗೆ ಬೆನ್ನು ಹಾಕಿದಳು. ಬಗ್ಗಿದಳು. ಬೀಗಕ್ಕೆ ಕೈ ಹಾಕುತ್ತಿದ್ದಂತೆಯೇ, ಇನ್ನೂ ಚೆನ್ನಾಗಿ ನೋಡಲೆಂದು ಮುಂದೆ ಬಾಗಿದ ಗಂಡನ ಮೊಣಕೈ ತಾಗಿ ಖಾಲಿ ಕ್ರೇಟೊಂದು ರಸ್ತೆಗೆ ದಡಾರನೆ ಬಿತ್ತು.

ಸೊಸೆ ಛಂಗನೆ ಎದ್ದು ತಿರುಗಿ ನಿಂತಳು. ಮೊಣಕಾಲು ಸ್ವಲ್ಪ ಬಾಗಿತ್ತು, ಎರಡೂ ಕೈ ಮುಂದಿದ್ದವು. ದೂರದಿಂದಲೂ ಅವಳ ಭುಜ ಏರಿ ಇಳಿಯುವುದು ಕಾಣುತ್ತಿತ್ತು. ವ್ಯಾನಿನ ಹಿಂದೆ ಮೂವರೂ ಇನ್ನಷ್ಟು ಬಗ್ಗಿದರು. ಎಲ್ಲ ಕೆಟ್ಟಿತು ಎಂದು ಗಂಡ ತಲೆಯ ಮೇಲೆ ಕೈ ಹೊತ್ತ. ಈಗ ಅವಳು ನಡುಗುತ್ತಾ ಮನೆಗೆ ನಡೆಯುತ್ತಾಳೆ, ಫೋನ್ ರಿಪೇರಿಯವನು ಬರುತ್ತಾನೆ, ಅಂಗಡಿ ಹೋಗುತ್ತದೆ.

ಅವಳು ನಿಂತು ಸದ್ದು ಬಂದ ಕಡೆ ನೋಡಿದಳು. ಸಾವಕಾಶವಾಗಿ ನೋಡಿದಳು. ಆಮೇಲೆ ಕೈ ಇಳಿಸಿದಳು. ಮತ್ತೆ ಬೀದಿಗೆ ಬೆನ್ನು ಹಾಕಿ, ಮತ್ತೆ ಬಗ್ಗಿದಳು. ಒಂದು ಬೀಗ ತೆಗೆದಳು. ಎರಡನೆಯದನ್ನೂ ತೆಗೆದಳು. ಶಟರನ್ನು ಮಂಡಿಯವರೆಗೆ ಎತ್ತಿ, ಭುಜ ಕೊಟ್ಟು ಮೇಲಕ್ಕೆ ತಳ್ಳಿದಳು. ಅದು ಗಡಗಡ ಎಂದು ಇಡೀ ಬೀದಿಗೆ ಕೇಳುವಂತೆ ಮೇಲೇರಿತು. ಅವಳು ಒಳಗೆ ಹೋದಳು, ದೀಪ ಹತ್ತಿತು.

‘ಬಾಯಿ ಬಿಡದೆ ತೆಗೆದಳು,’ ಎಂದರು ಅತ್ತೆ. ‘ನಾನು ಒಂದಿನಾನೂ ಬಾಯಿ ಬಿಡದೆ ತೆಗೆದವಳಲ್ಲ. ನೋಡಿದೆಯೇನೋ? ನನ್ನ ಸೊಸೇನ ನೋಡಿದೆಯಾ?’

ಅವರು ಎದ್ದರು. ಮಗ ಹಿಡಿಯಲು ಬಂದರೆ ಕೈ ಕೊಡವಿ, ಕುಂಟುತ್ತಾ ಒಬ್ಬರೇ ರಸ್ತೆ ದಾಟಿದರು. ಅಂಗಡಿಯ ಮುಂದೆ ಹಳೆಯ ಜಾಗದಲ್ಲಿ ನಿಂತು, ಶಾಲು ಸರಿ ಮಾಡಿಕೊಂಡು, ಹಳೆಯ ದನಿಯಲ್ಲೇ ಗಟ್ಟಿಯಾಗಿ ಕೂಗಿದರು.

‘ಏನ್ರೀ, ಎದ್ರಾ?’

ಒಳಗಿನಿಂದ ಉತ್ತರ ಬಂತು.

‘ಎದ್ದಿದ್ದೀನಿ ಅತ್ತೆ. ಬನ್ನಿ ಒಳಗೆ.’